ನೀರೊಲ್ಲದ ಪುಡಿ

ಗಲಾಲನ ಸಿಟ್ಟೆಲ್ಲ ಇಳಿದು ಈಗ ಉಳಿದಿದ್ದು ದಣಿವು ಮಾತ್ರ. ಈಜಿಪ್ಟಿನ ಮಿನ್ಯಾ ಊರಿನ ಸುಣ್ಣಕಲ್ಲನ್ನು ಕಣ್ಣಿಗೆ ಕಾಣದಷ್ಟು ನುಣ್ಣಗೆ ಅರೆಯುವಾಗಲೇ ಸಾಬೂನಿಗೆ ಹಾಕುವಂಥ ಕೊಬ್ಬು ಬೆರೆಸಿದರೆ, ಅದು ಕಣಕಣಕ್ಕೂ ಅಂಟಿಕೊಂಡು ನೀರನ್ನು ಹತ್ತಿರ ಸೇರಿಸುವುದಿಲ್ಲ ಎಂದು ಕಂಡುಕೊಂಡವನು ಅವನು. ಪ್ರಯೋಗಾಲಯದ ಹದಿನೇಳು ವರ್ಷದ ಚಾಕರಿಯಲ್ಲಿ ಹೊಳೆದ ಒಂದೇ ಒಂದು ಸ್ವಂತ ಬುದ್ಧಿ. ಆದರೆ ವರದಿಯಲ್ಲಿ ಬಂದದ್ದು ಮೇಲಧಿಕಾರಿ ಡಾಕ್ಟರ್ ಶೌಕಿಯ ಹೆಸರು. ಗಲಾಲನನ್ನು ಜೇಡಿಮಣ್ಣಿನ ವಿಭಾಗಕ್ಕೆ ಎತ್ತಿಹಾಕಿ ಆಗಲೇ ತಿಂಗಳಾಗಿತ್ತು.

"ನಿನಗ್ಯಾಕಯ್ಯಾ ಹೆಸರಿನ ಹುಚ್ಚು? ಅರೆಯೋ ಯಂತ್ರ ಹೆಸರು ಕೇಳುತ್ತಾ?" ಎಂದು ಶೌಕಿ ಎಲ್ಲರೆದುರು ನಕ್ಕಿದ್ದರು.

ಕೈರೋದ ಬಣ್ಣದ ಕಾರ್ಖಾನೆಯವರು ಕೆಲಸ ಕೊಡುತ್ತೇವೆಂದರು, ಬಾಗಿಲ ಮೇಲೆ ಅವನ ಹೆಸರಿನ ಫಲಕ ಸಮೇತ. ಬಾಯಿಮಾತು ಬೇಡ, ಪುಡಿ ತಾ ಎಂದರು. ಆ ಪುಡಿ ಇದ್ದದ್ದು ಒಂದೇ ಭರಣಿ, ಶೌಕಿಯ ಬೀರುವಿನಲ್ಲಿ.

ಗುರುವಾರ ಬೆಳಿಗ್ಗೆ ಶೌಕಿ ಸಭೆಗೆ ಹೋದಾಗ ಗೂಟದಲ್ಲಿದ್ದ ಅವರ ಕೋಟಿನಿಂದ ಬೀಗದ ಕೈ ತೆಗೆದ. ಹೊಗೆಯಂತೆ ಏಳುವ ಪುಡಿ; ಅಂಗಿಗೆ ತಾಗಬಾರದೆಂದು ತೋಳನ್ನು ಮೊಣಕೈ ಮೇಲಕ್ಕೆ ಮಡಚಿದ. ಮೂಗುಬಾಯಿಗೆ ಬಟ್ಟೆ, ಕೈಗೆ ಗವಸು. ಪುಡಿಯನ್ನು ಚೀಲಕ್ಕೆ ಸುರಿದು ಸೊಂಟಕ್ಕೆ ಕಟ್ಟಿಕೊಂಡ, ಭರಣಿಗೆ ಮಾಮೂಲಿ ಸುಣ್ಣಕಲ್ಲಿನ ಪುಡಿ ತುಂಬಿದ. ಬರಿಯ ನೀರಿಗೆ ಇದು ಬಗ್ಗುವುದಿಲ್ಲವೆಂದು ಅವನಿಗಿಂತ ಚೆನ್ನಾಗಿ ಬಲ್ಲವರಾರು? ಮೇಜನ್ನು ಸಾಬೂನು ನೀರಿನಲ್ಲೇ ಒರೆಸಿದ. ಗವಸು ಕಳಚಿ ಮಣಿಕಟ್ಟಿನವರೆಗೂ ಸಾಬೂನು ಹಚ್ಚಿ ತೊಳೆದ. ತೋಳು ಇಳಿಸಿ ಗುಂಡಿ ಹಾಕಿದ. ಶುಕ್ರವಾರ, ಶನಿವಾರ ರಜೆ; ಭರಣಿಯ ಪರೀಕ್ಷೆ ಭಾನುವಾರ. ಇವತ್ತು ಸಂಜೆಯ ರೈಲಿಗೇ ಅವನು ಕೈರೋ ಹಾದಿ ಹಿಡಿದಿರುತ್ತಾನೆ.

ಗೆದ್ದೆನೆಂಬ ಹಿಗ್ಗೂ ಬರಲಿಲ್ಲ, ಎಲ್ಲಾದರೂ ಕೂತರೆ ಸಾಕೆನಿಸಿತು. ಮಧ್ಯಾಹ್ನದ ನಮಾಜು ಎಂದೂ ತಪ್ಪಿಸಿದವನಲ್ಲ. ಇವತ್ತು ತಪ್ಪಿಸಿ ಯಾರ ಕಣ್ಣಿಗಾದರೂ ಬೀಳುವುದೇಕೆ? ನಮಾಜಿಗೆ ಮುನ್ನ ಕೈಕಾಲು ಮುಖ ತೊಳೆದು ವುಜೂ ಮಾಡುವ ನಲ್ಲಿಗಳ ಸಾಲಿನಲ್ಲಿ ಕೂತ. ಬಲಕ್ಕೆ ಮುದಿ ಕಾವಲುಗಾರ ಹಸನೈನ್. ಎಡಕ್ಕೆ, ಸಭೆ ಮುಗಿಸಿ ಬಂದ ಶೌಕಿ.

ಗಲಾಲ ಮುಖ ತೊಳೆದು, ಅಂಗಿಯ ತೋಳು ಏರಿಸಿ, ಮೊಣಕೈವರೆಗೆ ನೀರು ಹರಿಸಿದ. "ಅಯ್ಯೋ, ನಿನ್ನ ವುಜೂ ಆಗ್ಲಿಲ್ಲ ಮಗಾ," ಎಂದ ಹಸನೈನ್, ತುಂಬ ಕಾಳಜಿಯಿಂದ. "ಮೊಣಕೈ ತನಕ ನೀರು ತಾಗ್ಬೇಕು. ನೋಡು, ಒಣಗೇ ಇದೆ. ಇನ್ನೊಂದ್ಸಲ ಹಾಕು." ಗಲಾಲ ಇನ್ನೊಂದು ಸಲ ಹಾಕಿದ. ನೀರು ಮಣಿಮಣಿಯಾಗಿ ಉರುಳಿ ಬಿತ್ತು. ಮಣಿಕಟ್ಟಿನಿಂದ ಮೇಲೆ ಒಂದು ಕೂದಲೂ ನೆನೆಯಲಿಲ್ಲ. ಎಡಗಡೆಯ ನಲ್ಲಿ ನಿಂತಿತು. ಶೌಕಿ ಅವನ ತೋಳನ್ನೇ ನೋಡುತ್ತಿದ್ದರು.