ಚಿತ್ರದಲ್ಲಿಲ್ಲದ ಚಪ್ಪಡಿ

೧೯೪೩ನೆಯ ಇಸವಿ ಜೂನ್ ಎರಡು, ಬುಧವಾರ, ಅಮಾವಾಸ್ಯೆ. ಬೆಳಿಗ್ಗೆ ಎಂಟು ಗಂಟೆಗೆ ಮುನಿಯಲ್ಲಮ್ಮ ಮುಳಬಾಗಿಲು ಠಾಣೆಯ ಮೆಟ್ಟಿಲ ಮೇಲೆ ಬಂದು ಕುಸಿದಳು. ಕೈಯಲ್ಲಿದ್ದ ಹಣತೆಯ ಎಣ್ಣೆ ಸೆರಗಿಗೆಲ್ಲ ಚೆಲ್ಲಿತ್ತು.

“ನನ್ನ ಮಗಳು ಇಲ್ಲ ಸ್ವಾಮಿ.”

ಇನ್ಸ್‌ಪೆಕ್ಟರ್ ಕೋದಂಡರಾಮಪ್ಪನವರು ಲೇಖನಿ ಎತ್ತಿಕೊಂಡರು. “ವಯಸ್ಸೆಷ್ಟು?”

“ಏಳು. ಸತ್ತು ಮೂರು ವರ್ಷ ಆಯ್ತು.”

ಲೇಖನಿ ಅಲ್ಲೇ ನಿಂತಿತು. ದಫೇದಾರ ಗಂಗುಲಪ್ಪ ಒಂದು ಚೆಂಬು ನೀರು ತಂದುಕೊಟ್ಟ ಮೇಲೆ ಆಕೆ ಮಿಕ್ಕದ್ದನ್ನು ಹೇಳಿದಳು. ಮಗಳು ಆದಿಲಕ್ಷ್ಮಿ ವಿಷಮಜ್ವರದಲ್ಲಿ ತೀರಿಕೊಂಡಾಗ ಕುರುಡುಮಲೆ ದಾರಿಯಲ್ಲಿರುವ ಗಂಡನ ಮನೆಯವರ ಹೊಲದಲ್ಲಿ ಮಣ್ಣು ಮಾಡಿ, ಮೇಲೊಂದು ಚಪ್ಪಡಿ ಹಾಸಿದ್ದರು. ಗಂಡನೂ ಹೋದ ಮೇಲೆ ಆಕೆಗೆ ಉಳಿದದ್ದು ಆ ಚಪ್ಪಡಿಯೊಂದೇ. ಪ್ರತಿ ಅಮಾವಾಸ್ಯೆಗೂ ಅಲ್ಲಿ ದೀಪವಿಡುವಳು. ಈ ದಿನ ಹೋದರೆ ಚಪ್ಪಡಿ ಇಲ್ಲ, ಹೊಲವೆಲ್ಲ ಉತ್ತು ಸಮವಾಗಿದೆ.

“ಕಲ್ಲು ಹೋದ್ರೆ ಹೋಗ್ಲಿ. ಮಗೂನ ಕಿತ್ತು ಎಲ್ಲಿ ಎಸೆದ್ರೋ, ಅದನ್ನ ಹೇಳಿ ಸ್ವಾಮಿ!”

ಎಫ್.ಐ.ಆರ್. ದಾಖಲಾಯಿತು. ಹತ್ತು ಗಂಟೆಗೆ ಪಂಚರೊಡನೆ ಸ್ಥಳ ಪಂಚನಾಮೆ ನಡೆಯಿತು. ಬದುವಿನ ಹತ್ತಿರ ಗಾಡಿಯ ಜಾಡು ಇತ್ತು. ಪಕ್ಕದಲ್ಲೇ ಒಡೆದ ತೆಂಗಿನಕಾಯಿಯ ಚಿಪ್ಪು, ಕರ್ಪೂರ ಉರಿದ ಕಪ್ಪು ಕಲೆ.

“ಕಾಯಿ ಒಡೆದು ಕಳ್ಳತನ ಮಾಡಿದಾನೆ ಸ್ವಾಮಿ,” ಎಂದ ಗಂಗುಲಪ್ಪ. “ನಾವು ಬರೋವರೆಗೂ ಇದ್ದಿದ್ರೆ ಪ್ರಸಾದಾನೂ ಕೊಡ್ತಿದ್ದ.”

ಕೋದಂಡರಾಮಪ್ಪನವರು ನಗಲಿಲ್ಲ. ಸತ್ತವರ ಕ್ಷಮೆ ಕೇಳಿ ಕಲ್ಲೆತ್ತಿದವನು ಎಲುಬು ಎಸೆಯುವವನಲ್ಲ ಎಂದು ಅವರ ಮನಸ್ಸಿಗೆ ಹೊಳೆಯಿತು. ಆದರೆ ತಾಯಿಯ ಮುಂದೆ ಬಾಯಿ ಬಿಡಲಿಲ್ಲ. ಆಸೆ ಹುಟ್ಟಿಸಿ ಸುಳ್ಳಾದರೆ ಆ ಪಾಪ ಯಾರಿಗೆ?

ಹೊಲದ ಒಡೆಯ ಅಶ್ವತ್ಥಪ್ಪ ಮುನಿಯಲ್ಲಮ್ಮನ ಮೈದುನ. ಅವನನ್ನು ಕರೆಸಿದರು.

“ಕಲ್ಲು ತೆಗೆದೋರು ಯಾರು?”

“ಗೊತ್ತಿಲ್ಲ ಸ್ವಾಮಿ. ಸೋಮವಾರ ಉಳಕ್ಕೆ ಹೋದಾಗ್ಲೇ ಇರ್ಲಿಲ್ಲ. ಅತ್ತಿಗೇನೇ ತೆಗೆಸಿದಳು ಅನ್ಕೊಂಡೆ.”

“ಕೇಳಲಿಲ್ವಾ?”

“ಕೇಳಿದ್ರೆ ತಿರುಗಿ ತಂದಿಡ್ತಾಳೇನೋ ಅಂತ ಸುಮ್ಮನಿದ್ದೆ. ಹೊಲಾನ ಸೈಟು ಮಾಡಿ ಬೆಂಗಳೂರಿನೋರಿಗೆ ಮಾರಬೇಕು. ಅವರು ನೋಡಕ್ಕೆ ಈ ಭಾನುವಾರ ಬರ್ತಾರೆ.”

ಅವರಿಗೆ ಕಳಿಸಿದ ಫೋಟೋದ ಇನ್ನೊಂದು ಪ್ರತಿಯನ್ನು ಅವನು ಜೇಬಿನಿಂದ ತೆಗೆದುಕೊಟ್ಟ. ಬಾವಿ, ಹಿಂದೆ ಕುರುಡುಮಲೆಯ ಬೆಟ್ಟ, ಮೂಲೆಯಲ್ಲಿ ಬರೀ ಹುಲ್ಲು.

“ಇದನ್ನ ತೆಗೆಸಿದ್ದು ಯಾವಾಗ?”

“ಯುಗಾದಿಗೆ ಮುಂಚೆ.”

“ಹೋದ ಅಮಾವಾಸ್ಯೆಗೂ ಅಲ್ಲಿ ದೀಪ ಇಟ್ಟಿದೀನಿ ಸ್ವಾಮಿ! ಕಲ್ಲಿತ್ತು!” ಎಂದಳು ಮುನಿಯಲ್ಲಮ್ಮ.

ಅಂದರೆ ಕಲ್ಲು ನೆಲದಿಂದ ಹೋಗುವ ಮೊದಲೇ ಚಿತ್ರದಿಂದ ಹೋಗಿತ್ತು. ಅಶ್ವತ್ಥಪ್ಪನ ಮುಖ ಬೆವರಿತು. “ಚಿತ್ರದಲ್ಲಿ ಬೇಡ ಅಂತ ಫೋಟೋ ತೆಗೆದ ಕದಿರೇಶನಿಗೆ ಹೇಳಿದ್ದು ನಿಜ. ಹೊಲದಲ್ಲೂ ಬೇಡ ಅಂತ ನಾನು ಅಂದ್ನಾ?”

“ನಿಮ್ಮಣ್ಣನ ಮಗಳು ಕಣೋ ಅದು! ಹೆಗಲ ಮೇಲೆ ಹೊತ್ಕೊಂಡು ತಿರುಗಿದೋನು ನೀನೇ ಅಲ್ವೇನೋ?” ಎಂದಳು ಅತ್ತಿಗೆ.

ಅವನು ತಲೆ ತಗ್ಗಿಸಿದ.

ಕದಿರೇಶನ ಸ್ಟುಡಿಯೋ ಕೋಲಾರದ ರಸ್ತೆಯಲ್ಲಿತ್ತು. ಅಂಗಡಿಯವರಿಗೂ ಜಮೀನು ಮಾರುವವರಿಗೂ ಚಿತ್ರ ತಿದ್ದಿಕೊಡುವುದು ಅವನ ಕಸುಬು. ಬಿರುಕು ಬಿಟ್ಟ ಗೋಡೆ ಅವನ ಕುಂಚದಲ್ಲಿ ಕೂಡಿಕೊಳ್ಳುತ್ತಿತ್ತು, ಬೋಳು ಮರ ಚಿಗುರುತ್ತಿತ್ತು.

“ಈ ಮೂಲೇಲಿದ್ದ ಕಲ್ಲೆಲ್ಲಿ?”

“ಬಣ್ಣದಲ್ಲಿ ಮುಚ್ಚಿದೆ ಸ್ವಾಮಿ.”

“ಫೋಟೋ ಮೂಡೋ ಗಾಜಿನ ಪ್ಲೇಟಿನ ಮೇಲೇ ಚಾಕುವಿನಲ್ಲಿ ಕೆರೆಯೋದಲ್ವಾ ನಿಮ್ಮ ಪದ್ಧತಿ?”

“ಮಗುವಿನ ಸಮಾಧಿ. ಚಾಕು ಹಾಕಕ್ಕೆ ಕೈ ಬರ್ಲಿಲ್ಲ. ಪ್ಲೇಟು ಹಾಗೇ ಇದೆ. ಕಾಗದದ ಮೇಲೆ ಮಾತ್ರ ತಿದ್ದಿದೆ.”

“ಕೈ ಬರದೋನು ಹೊಲದಲ್ಲಿ ಕಾಯಿ ಯಾಕೆ ಒಡೆದೆ?”

ಕದಿರೇಶನ ಕಣ್ಣು ಅರಮನೆ ಬರೆದ ಪರದೆಯ ಕಡೆ ಹೋಯಿತು. ಗಂಗುಲಪ್ಪ ಪರದೆ ಎತ್ತಿದ. ಹಿಂದೆ ಹಲಗೆಯ ಮೇಲೆ ಚಪ್ಪಡಿ ನಿಂತಿತ್ತು, ಅರಿಸಿನ ಕುಂಕುಮ ಹಚ್ಚಿ, ಅಂದಿನ ಕಣಗಿಲೆ ಹೂ ಇಟ್ಟು.

“ಮಗು?”

“ಮಣ್ಣು ಮುಟ್ಟಲಿಲ್ಲ ಸ್ವಾಮಿ, ದೇವರಾಣೆ. ಕಲ್ಲೊಂದೇ ಎತ್ತಿದ್ದು.”

ಆದರೆ ಉತ್ತ ಹೊಲದಲ್ಲಿ ಆ ಜಾಗ ಯಾವುದು? ಕದಿರೇಶನಿಗೂ ಗುರುತು ಸಿಗದಾಯಿತು. ಇನ್ಸ್‌ಪೆಕ್ಟರು ಆ ಗಾಜಿನ ಪ್ಲೇಟನ್ನೂ ಕ್ಯಾಮೆರಾವನ್ನೂ ಹೊಲಕ್ಕೆ ಹೊರಿಸಿದರು. ಅಂದು ಫೋಟೋ ತೆಗೆಯಲು ನಿಲ್ಲಿಸಿದ್ದ ಮೋರಿಯ ಮೇಲೆಯೇ ಕ್ಯಾಮೆರಾ ನಿಲ್ಲಿಸಿ, ಎದುರಿನ ದೃಶ್ಯ ಮೂಡುವ ಅದರ ಹಿಂಬದಿಯ ಮಸುಕು ಗಾಜಿಗೆ ಪ್ಲೇಟನ್ನು ಆನಿಸಿ, ಬೆಟ್ಟದ ನೆತ್ತಿಯೂ ಬಾವಿಯ ಕಂಬಗಳೂ ಒಂದಕ್ಕೊಂದು ಕೂಡುವ ತನಕ ಸರಿಸಿದರು. ಗಂಗುಲಪ್ಪ ಕೋಲು ಹಿಡಿದು ಉತ್ತ ಮಣ್ಣಿನಲ್ಲಿ ನಡೆದ.

“ಎಡಕ್ಕೆ! ಇನ್ನೂ ಎಡಕ್ಕೆ!”

“ನಿಮ್ಮ ಎಡವೋ ನನ್ನ ಎಡವೋ? ಅದರೊಳಗೆ ನಾನು ತಲೆಕೆಳಗಂತೆ ಸ್ವಾಮಿ!”

“ನಿಂತ್ಕೊ! ಅಲ್ಲೇ!”

ಪಂಚರು ಸಡಿಲ ಮಣ್ಣನ್ನು ಕೈಯಿಂದಲೇ ಸರಿಸಿದರು. ನೇಗಿಲ ಗೆರೆಯ ಕೆಳಗೆ, ಚಪ್ಪಡಿ ಕೂತಿದ್ದ ಚೌಕದ ಅಚ್ಚು ಗಟ್ಟಿ ನೆಲದಲ್ಲಿ ಹಾಗೆಯೇ ಇತ್ತು. ಯಾವ ಗುದ್ದಲಿಯೂ ಅದನ್ನು ಮುಟ್ಟಿರಲಿಲ್ಲ.

ಮುನಿಯಲ್ಲಮ್ಮ ಅದರ ಮೇಲೆ ಅಂಗೈ ಊರಿದಳು. “ಇಲ್ಲೇ ಇದೀಯಾ ನಾ ತಲ್ಲಿ? ಇಲ್ಲೇ ಇದೀಯಾ ನನ್ನ ತಾಯಿ?” ಎಂದು ಅತ್ತಳು. ಬೆಳಗಿನಿಂದ ಎದೆಯ ಮೇಲಿದ್ದ ಭಾರ ಕೋದಂಡರಾಮಪ್ಪನವರಿಗೂ ಇಳಿಯಿತು. ಗಂಗುಲಪ್ಪ ಪೇಟ ಬಿಚ್ಚಿ ಮುಖ ಒರೆಸಿಕೊಂಡ.

ಸಂಜೆ ಐದು ಗಂಟೆಗೆ ಕದಿರೇಶನ ದಸ್ತಗಿರಿಯಾಯಿತು. ಜಪ್ತಿಯಾಗಿ ಮುದ್ದೆಮಾಲಾದ ಚಪ್ಪಡಿಯನ್ನು ಫಿರ್ಯಾದಿಯ ವಶಕ್ಕೆ ಕೊಟ್ಟಂತೆ ಬರೆದರು. ಆ ಮೂಲೆಯನ್ನು ಬಿಟ್ಟೇ ಹೊಲ ಮಾರುವುದಾಗಿ ಅಶ್ವತ್ಥಪ್ಪ ಪಂಚರೆದುರು ಒಪ್ಪಿ, ಚಪ್ಪಡಿಗೆ ತಾನೇ ಹೆಗಲು ಕೊಟ್ಟ.

ಕದಿರೇಶ ದುರಾಸೆಯವನಲ್ಲ. ಊರಿನವರೆಲ್ಲ ಅವನ ಚಿತ್ರವನ್ನು ಕಣ್ಣಾರೆ ಕಂಡಷ್ಟೇ ನಂಬುತ್ತಿದ್ದರು. ಕೊಳ್ಳುವವರು ಬಂದು ಮೂಲೆಯಲ್ಲಿ ಸಮಾಧಿ ಕಂಡರೆ ಆ ನಂಬಿಕೆ ಒಂದೇ ದಿನದಲ್ಲಿ ಮಣ್ಣಾಗುವುದೆಂದು ಹೆದರಿದ. “ಕಳಿಸಿದ ಚಿತ್ರ ವಾಪಸ್ ಬರಲ್ಲ ಸ್ವಾಮಿ. ಅದಕ್ಕೇ ನೆಲ ತಿದ್ದಿದೆ,” ಎಂದ. ಹೋಗುವ ಮುನ್ನ ಮುನಿಯಲ್ಲಮ್ಮನ ಕಾಲಿಗೆ ಬಿದ್ದ. ಆಕೆ ಬೈಯಲಿಲ್ಲ. “ದಿನಾ ಹೂ ಇಟ್ಯಲ್ಲಪ್ಪ,” ಎಂದಳು, ಅಷ್ಟೇ.

ಹೊತ್ತು ಮುಳುಗುವ ಮುನ್ನ ಚಪ್ಪಡಿ ತನ್ನ ಜಾಗದಲ್ಲಿ ಕೂತಿತು. ಕೋದಂಡರಾಮಪ್ಪನವರು ಬೂಟು ಕಳಚಿ ಕೈಮುಗಿದರು. “ಸ್ವಾಮೀ, ಈ ಕೂಸನ್ನು ನಿನ್ನ ಮಡಿಲಲ್ಲಿ ಮಲಗಿಸಿಕೋ. ಇನ್ನು ಯಾರೂ ಅದನ್ನು ಎಬ್ಬಿಸದಿರಲಿ.”