ಎಲ್ಕಾನಾ ಥಾರ್ಪ್ ಕೊಟ್ಟ ಮಾತು

“ನಿನ್ನ ಮಗನನ್ನ ನಿನ್ನ ಬಾಗಿಲಿಗೆ ತಂದು ಬಿಡ್ತೀನಿ ಕಣಮ್ಮ, ಆಮೇಲೇ ನನ್ನ ಬಾಯಿ ಮುಚ್ಚೋದು,” ಎಂದು ಎಲ್ಕಾನಾ ಥಾರ್ಪ್ ಊರ ಸಭೆಯಲ್ಲಿ ಎಲ್ಲರೆದುರು ನನಗೆ ಮಾತು ಕೊಟ್ಟಿದ್ದರು. ಅವರು ಮುಂದಿನ ಬೆಂಚನ್ನು ಮೂರು ಸಲ ಗುದ್ದಿ, ಇಂಗ್ಲೆಂಡಿನ ದೊರೆಯ ನೊಗ ಕಿತ್ತೆಸೆಯಿರೆಂದು ಭಾಷಣ ಶುರುಮಾಡಿದರೆ ಬಾಸ್ಟನ್ನಿನ ಸುತ್ತಲ ಹುಡುಗರೆಲ್ಲ ಕೋವಿ ಹುಡುಕುತ್ತಿದ್ದರು. “ಯುದ್ಧಕ್ಕೆ ಹೋಗೋದು ನಿಮ್ಮ ನಾಲಿಗೆಯಲ್ಲ ಸ್ವಾಮಿ, ನನ್ನ ಸೈಲಸ್,” ಎಂದು ನಾನು ಹಂಗಿಸಿದ್ದಕ್ಕೆ ಬಂದ ಉತ್ತರ ಅದು.

ಸೈಲಸ್ ಹೋದ. ಆ ಚಳಿಗಾಲದಲ್ಲೇ ಎಲ್ಕಾನಾ ಜ್ವರದಿಂದ ತೀರಿಕೊಂಡರು. ಅವರ ಹೆಣಕ್ಕೆ ಬಟ್ಟೆ ಹೊಲಿದವಳು ನಾನೇ.

ಜೂನ್ ತಿಂಗಳ ಒಂದು ನಡುಮಧ್ಯಾಹ್ನ ಮೆಕ್ಕೆಜೋಳದ ಗಂಜಿ ಕಲಕುತ್ತಿದ್ದೆ. ಕೆಳಗೆ ಬೆಂಕಿ ಉರಿಯುತ್ತಿದ್ದರೂ ಕುದಿಯುತ್ತಿದ್ದ ಗಂಜಿ ತಣ್ಣಗಾಯಿತು. ಬಾಗಿಲ ಮೇಲೆ ಮೂರು ಗುದ್ದು ಬಿದ್ದವು. ತೆರೆದರೆ ಸೈಲಸ್ ಒಬ್ಬನೇ ನಿಂತಿದ್ದ. “ಮಗಾ!” ಎಂದು ಕೂಗಿದೆ. ಅವನು ನನ್ನ ತುಟಿಗಳನ್ನೇ ನೋಡಿದ.

“ಫಿರಂಗಿ ಸದ್ದಿಗೆ ಎರಡು ಕಿವೀನೂ ಹೋದ್ವಮ್ಮ. ಎಲ್ಕಾನಾ ಮಾವ ದಾರಿಯುದ್ದಕ್ಕೂ ಮಾತಾಡ್ತಾ ಕರ್ಕೊಂಡು ಬಂದ್ರು. ಇಲ್ಲೇ ಇದಾರಲ್ಲ, ಒಳಗೆ ಕರಿ. ಸ್ವಲ್ಪ ಸುಮ್ನಿರೋಕೆ ಹೇಳು.”

ವರ್ಷಗಳಾದವು. ಸೈಲಸ್ ಇವತ್ತಿಗೂ ಊಟದ ನಡುವೆ ಕಿವಿ ಮುಚ್ಚಿಕೊಳ್ಳುತ್ತಾನೆ. ಎಲ್ಕಾನಾ ನನ್ನ ಮಗನನ್ನು ಬಾಗಿಲಿಗೆ ತಂದುಬಿಟ್ಟರು. ಬಾಯಿ ಮಾತ್ರ ಮುಚ್ಚಲಿಲ್ಲ.