ಹೆಬ್ಬೆರಳಿನ ಗುಳಿ

ನಾನು ವಿಶ್ವವಿದ್ಯಾಲಯವೊಂದರಲ್ಲಿ ಕುಂಬಾರಿಕೆ ಕಲಿಸುವವಳು. ಪ್ರದರ್ಶನಗಳಲ್ಲಿ ನನಗೆ ಹೆಸರು ತಂದ ಹೂಜಿಗಳನ್ನೆಲ್ಲ ಮಾಡಿದ್ದು ನಮ್ಮಲ್ಲಿ ದಿನಗೂಲಿಗಿದ್ದ ನೆಕ್ರಾಜೆಯ ಬಟ್ಯಣ್ಣ. ಹಸಿ ಹೂಜಿಯ ತಳಕ್ಕೆ ಅವರು ಹೆಬ್ಬೆರಳು ಒತ್ತುತ್ತಿದ್ದರು. ಅಡ್ಡಕ್ಕೆ ಗಾಯದ ಗೆರೆಯಿದ್ದ ಬೆರಳು. “ಕೂಲಿಯವರಿಗೆ ಎಂತದ್ದು ಸಹಿ?” ಎಂದು ನಗಾಡಿ, ಗುಳಿಯನ್ನು ಸ್ಪಂಜಿನಿಂದ ಒರೆಸಿ ನನ್ನ ಹೆಸರು ಕೊರೆಯುತ್ತಿದ್ದೆ. ಅವರು ಮುಂದಿನ ಹೂಜಿಗೂ ಹೆಬ್ಬೆರಳು ಒತ್ತುತ್ತಿದ್ದರು.

ಮಾರ್ಚಿನಲ್ಲಿ ಅವರು ತೀರಿಕೊಂಡರು. ಏಪ್ರಿಲಿನಲ್ಲಿ ಹನ್ನೊಂದು ಹೂಜಿಗಳನ್ನು ನಾನೇ ಮಾಡಿ, ಹೆಸರು ಕೊರೆದು, ಆವಿಗೆಯಲ್ಲಿಟ್ಟು ಸುಟ್ಟೆ.

ಮರುದಿನ ಬೆಳಿಗ್ಗೆ ನನ್ನ ವಿದ್ಯಾರ್ಥಿ ಯತಿನ್ ಜೊತೆ ಆವಿಗೆಯ ಬಾಗಿಲು ತೆರೆದೆ. ಮುಖಕ್ಕೆ ಬಿಸಿ ಬಡಿಯಬೇಕಿತ್ತು. ಬಾವಿಯೊಳಗಿನಂಥ ತಂಪು ಬಂತು. ಜೊತೆಗೆ ಹಸಿಮಣ್ಣಿನ ವಾಸನೆ.

ಯತಿನ್ ಒಂದು ಹೂಜಿಯನ್ನು ಮಗುಚಿದ. “ಮೇಡಂ, ಇದು ಬಟ್ಯಣ್ಣನದ್ದಲ್ವಾ?”

“ಅಲ್ಲ ಮಾರಾಯ, ನಾನೇ ಮಾಡಿದ್ದು.”

“ಮತ್ತೆ ನಿಮ್ಮ ಹೆಸರು ಎಲ್ಲಿ ಉಂಟು?”

ಹನ್ನೊಂದರಲ್ಲೂ ಹೆಸರಿರಲಿಲ್ಲ. ಗಾಯದ ಗೆರೆಯ ಗುಳಿ ಇತ್ತು.

ಒಮ್ಮೆ ಸುಟ್ಟ ಮಣ್ಣು ಮತ್ತೆ ಹಸಿಯಾಗುವುದಿಲ್ಲ ಎಂದು ಪ್ರತಿ ವರ್ಷ ಮೊದಲ ಪಾಠದಲ್ಲಿ ಹೇಳುವವಳು ನಾನೇ. ಆ ಹೂಜಿಗಳು ನನ್ನ ಕಪಾಟಿನಲ್ಲಿವೆ. ಗುಳಿ ಮುಟ್ಟಿದರೆ ಇವತ್ತಿಗೂ ಬೆರಳಿಗೆ ಹಸಿಮಣ್ಣು ಅಂಟುತ್ತದೆ. ಎಷ್ಟು ಒರೆಸಿದರೂ ಗುಳಿ ಅಳಿಯುವುದಿಲ್ಲ.